ಗಿಯಾರ್ತಿಯ ಚೌಕಟ್ಟಿನಲ್ಲಿ ಬು ಹಾಜಿ

ಕ್ಲಾತೆನ್
9 ಜೂನ್ 2015

ಕಾಂಗ್ ಪಾರ್ದಿಗೆ,

ಅಸ್ಸಲಾಮು ಅಲೈಕುಂ.

ಇಲ್ಲ ಕಾಂಗ್, ನನ್ನಣ್ಣ, ಹೋಗಿಲ್ಲ. ಪುಸ್ತಿಕೆಯ ಫೈಲು ಇದೆ, ಆಗ ಪ್ರಿಂಟ್ ಹಾಕದೆ ಇಟ್ಟದ್ದು. ಗಿಯಾರ್ತಿಯ ಹೆಸರಿದೆ, ಹುಟ್ಟಿದ ದಿನವಿದೆ, ತೀರಿಕೊಂಡ ದಿನವಿದೆ, ನೀನೇ ನನ್ನ ಪಕ್ಕ ಕೂತು ಆರಿಸಿದ ಮಲ್ಲಿಗೆ ಬಳ್ಳಿಯ ಅಂಚೂ ಹಾಗೇ ಇದೆ. ಅವಳ ಮುಖ ಒಂದು ಕಾಣಿಸುತ್ತಿಲ್ಲ, ಅಷ್ಟೆ.

ನಿನ್ನ ಕಾಗದ ಬಂದು ಹದಿನೆಂಟು ದಿನವಾಯಿತು. ತಡ ಮಾಡಿದ್ದಕ್ಕೆ ಬೈಯಬೇಡ. ಎರಡು ವರ್ಷದ ಮೇಲೆ ನಿನ್ನ ಕೋಳಿಕಾಲು ಅಕ್ಷರ ನೋಡಿದ ದಿನ ನಾನು ಪ್ರೆಸ್ಸಿನ ಮುಂದೆಯೇ ಕುಣಿದೆ. ನನ್ನವಳು ಸಮಿ ಒಳಗಿಂದ ಓಡಿಬಂದು, “ಬದುಕಿದಾನಾ ಆ ಮನುಷ್ಯ? ಬದುಕಿದ್ದೂ ಬರೀಲಿಲ್ವಾ? ಬರ್ಲಿ ಅವನು, ಕಿವಿ ಹಿಂಡ್ತೀನಿ” ಎಂದು ನಗುತ್ತಾ ಅತ್ತಳು. ಆಮೇಲೆ ಕಾಗದ ಓದಿದೆವು. ಕಾಲಿಮಂತಾನ್‌ನ ತೋಟದಲ್ಲಿ ನಿಮ್ಮ ಬಿಡಾರಕ್ಕೆ ಬೆಂಕಿ ಬಿದ್ದದ್ದು, ನಿನ್ನ ಟ್ರಂಕು ಸುಟ್ಟದ್ದು, ಅದರಲ್ಲಿ ಗಿಯಾರ್ತಿಯ ಆ ಒಂದೇ ಒಂದು ಫೋಟೊ ಇದ್ದದ್ದು. ನಗು ಅಲ್ಲಿಗೆ ನಿಂತಿತು.

“ನಿನ್ನ ಕಂಪ್ಯೂಟರಿನಲ್ಲಿ ಅವಳ ಮುಖ ಇದೆಯಲ್ಲ ಮುಜಿಯೊ, ಅದೊಂದೇ ನನಗೆ ಧೈರ್ಯ. ನವೆಂಬರಿನಲ್ಲಿ ಅವಳು ತೀರಿಕೊಂಡ ಸಾವಿರದ ದಿನಕ್ಕೆ ಬರುತ್ತೇನೆ, ಪ್ರಾರ್ಥನೆಗೆ ಬಂದವರಿಗೆ ಹಂಚುವ ಯಾಸಿನ್ ಪುಸ್ತಿಕೆ ಪ್ರಿಂಟ್ ಮಾಡಿಡು, ನನಗೊಂದು ದೊಡ್ಡ ಪ್ರತಿ ತೆಗೆದಿಡು” ಎಂದು ಬರೆದಿದ್ದೀಯ. ಆ ಕೂಡಲೇ ಫೈಲು ತೆರೆದೆ.

ಏನು ಹೇಳಲಿ! ಮಲ್ಲಿಗೆ ಬಳ್ಳಿಯ ನಡುವೆ, ಕನ್ನಡಕ ಹಾಕಿಕೊಂಡು, ಗಿರಾಕಿ ಅಕ್ಕಿ ಕದ್ದನೋ ಎಂಬಂತೆ ದುರುಗುಟ್ಟುತ್ತಾ ಕೂತಿದ್ದವರು ಅಕ್ಕಿಗಿರಣಿಯ ಯಜಮಾನಿ ಬು ಹಾಜಿ ರುಕಯಾ! ಕೆಳಗೆ ದಪ್ಪ ಅಕ್ಷರದಲ್ಲಿ ‘ಸುಗಿಯಾರ್ತಿ, ಸುಪಾರ್ದಿಯವರ ಪತ್ನಿ’. ಆಕೆ ಬದುಕಿದ್ದಾಗ ನೀನು ಆಕೆಗೆ ಹೆದರಿ ಗಿರಣಿಯ ಹಿಂಬಾಗಿಲಿಂದ ಹೋಗುತ್ತಿದ್ದೆ. ಈಗ ನೋಡು, ಮುಂಬಾಗಿಲಿಂದಲೇ ನಿನಗೆ ಗಂಟುಹಾಕಿದೆ ಈ ಯಂತ್ರ. ಬು ಹಾಜಿ ಹೋದ ವರ್ಷ ತೀರಿಕೊಂಡರು. ಅವರ ಪುಸ್ತಿಕೆಯನ್ನೂ ನಾನೇ ಮಾಡಿದ್ದು, ಗಿಯಾರ್ತಿಯದರ ಆಮೇಲೆ ಬಂದ ಹೆಂಗಸರ ಪುಸ್ತಿಕೆ ಅದೊಂದೇ.

ನನ್ನ ಪದ್ಧತಿ ನಿನಗೆ ಗೊತ್ತೇ ಇದೆ. ತೀರಿಹೋದ ಗಂಡಸರ ಫೋಟೊಗೆಲ್ಲ ಒಂದು ಹೆಸರು, ಹೆಂಗಸರ ಫೋಟೊಗೆಲ್ಲ ಒಂದು ಹೆಸರು. ಹೊಸ ಫೋಟೊವನ್ನು ಅದೇ ಹೆಸರಿನಲ್ಲಿ ಇಟ್ಟರೆ ಸಾಕು, ಪುಸ್ತಿಕೆಯ ಚೌಕಟ್ಟು ತಾನಾಗಿ ತುಂಬಿಕೊಳ್ಳುತ್ತದೆ. ಬೇರೆ ಪ್ರೆಸ್ಸಿನವರು ಮೂರು ದಿನ ತೆಗೆದುಕೊಳ್ಳುವ ಕೆಲಸ ನಾನು ಅರ್ಧ ದಿನದಲ್ಲಿ ಮುಗಿಸುವುದು ಹೀಗೆಯೇ. ಹಾಗಂತ ಹಳೆಯ ಫೋಟೊ ಬಿಸಾಡುವುದಿಲ್ಲ. ಅದನ್ನು ಬೇರೆ ಕಡೆ ಎತ್ತಿಟ್ಟೇ ಹೊಸದನ್ನು ಹಾಕುವುದು. ಗಿಯಾರ್ತಿಯದನ್ನೂ ಎತ್ತಿಟ್ಟಿದ್ದೆ. ಎಲ್ಲೋ ಯಂತ್ರ ನುಂಗಿಕೊಂಡಿದೆ. ನನ್ನ ಪುಟ ಕಟ್ಟುವ ಸಾಫ್ಟ್‌ವೇರ್ ‘ಲೆಂಬಾರ್’ ಇದೆಯಲ್ಲ, ಬಿಟ್ಟಿ ಸಿಗುವುದು, ಅದರದ್ದೇ ದೋಷ. ಒಮ್ಮೆ ಕಂಡ ಮುಖವನ್ನು ಫೈಲು ಮರೆಯುವುದು ಎಂದರೇನು?

ಹೆದರಬೇಡ. ಲೆಂಬಾರ್ ಮಾಡುವವರಿಗೆ ಬರೆಸಿದ್ದೇನೆ. ಅವರದೊಂದು ಪಟ್ಟಿ ಇದೆ, ಬಳಸುವವರು ಯಾರು ಬೇಕಾದರೂ ಅಲ್ಲಿ ‘ಇದು ಕೆಟ್ಟಿದೆ, ಸರಿಮಾಡಿ’, ‘ಅದು ಬೇಕು, ಸೇರಿಸಿ’ ಎಂದು ಬರೆಯಬಹುದು. ನಿವೃತ್ತ ಇಂಗ್ಲಿಷ್ ಮೇಡಂ ಬು ನಾನಿಕ್ ಬಂದು ಬರೆದುಕೊಟ್ಟರು.

“ಏನಂತ ಬರೀಲಿ ಪಾಕ್ ಮುಜಿಯೊ?”

“ನಮ್ಮ ಸ್ನೇಹಿತನ ಹೆಂಡ್ತೀನ ವಾಪಸ್ ಕೊಡಿ, ನಿಮ್ಮ ಬು ಹಾಜೀನ ಕರ್ಕೊಂಡ್ಹೋಗಿ ಅಂತ ಬರೀರಿ.”

“ಅವರಿಗೆ ಅರ್ಥ ಆಗೋ ಹಾಗೆ ಹೇಳಿ ಅಂದ್ರೆ!”

“ಫೋಟೊ ಬದಲಾಯ್ತು ಅಂತ ಬರೀರಿ, ಆದ್ರೆ ಸ್ವಲ್ಪ ಅಳೋ ಥರ ಬರೀರಿ.”

ನಮ್ಮ ದೂರಿಗೆ 4471ನೇ ನಂಬರು ಬಿದ್ದಿದೆ. ನಮಗಿಂತ ಮೊದಲು ನಾಲ್ಕು ಸಾವಿರ ಜನ ಅತ್ತಿದ್ದಾರೆ ಎಂದಾಯಿತು. ಸರದಿ ಬರುತ್ತದೆ. ಲೆಂಬಾರ್ ತಿದ್ದಿ ಹೊಸ ವರ್ಷನ್ ಬಂದ ಕೂಡಲೇ ಅವಳ ಮುಖ ಚೌಕಟ್ಟಿಗೆ ವಾಪಸು ಬರುತ್ತದೆ, ನನ್ನ ಮಾತು ನಂಬು.

ಹುಷಾರಾಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು. ಸಮಿ ಸಲಾಂ ಹೇಳಿದ್ದಾಳೆ, ಕಿವಿ ಹಿಂಡುವುದು ಬಾಕಿ ಇದೆಯಂತೆ.

ನಿನ್ನ,
ಮುಜಿಯೊ


ಕ್ಲಾತೆನ್
23 ಜುಲೈ 2015

ಪ್ರೀತಿಯ ಕಾಂಗ್ ಪಾರ್ದಿ,

ರಂಜಾನಿನ ಹಬ್ಬ, ಲೆಬಾರಾನ್, ಮುಗಿದು ಒಂದು ವಾರವಾಯಿತು. ನೀನಿಲ್ಲದ ಮೂರನೆಯ ಹಬ್ಬ. ನನ್ನ ತಪ್ಪುಗಳನ್ನೆಲ್ಲ ಮನ್ನಿಸು, ಹೊರಗಿನದನ್ನೂ ಒಳಗಿನದನ್ನೂ. ಈ ಸಲ ಮನೆ ಮನೆಗೆ ಹೋಗಿ ಎಷ್ಟು ಜನರ ಕೈ ಹಿಡಿದು ಕ್ಷಮೆ ಕೇಳಿದೆನೆಂದರೆ, ಕೊನೆಗೆ ಕೇರಿಯ ಮುಖ್ಯಸ್ಥ ಪಾಕ್ ಡುಕುಹ್ ಕೇಳಿಯೇಬಿಟ್ಟ: “ಏನೋ ಮುಜಿಯೊ, ಈ ವರ್ಷ ಅಷ್ಟೊಂದು ಏನು ಮಾಡಿದ್ದೀಯ?” “ನಿಮ್ಮ ಮಗಳ ಮದುವೆ ಕಾರ್ಡಲ್ಲಿ ನಿಮ್ಮ ಹೊಟ್ಟೆ ಸಣ್ಣ ಮಾಡಿದ್ದೆ, ಅದಕ್ಕೆ” ಅಂದೆ.

ಹಬ್ಬದ ಕೆಲಸದಲ್ಲಿ ಕಾಗದ ಬರೆಯಲಾಗಲಿಲ್ಲ. ಸುದ್ದಿ ಇದೆ. ಮಿಕ್ಕೊ ಉತ್ತರ ಕೊಟ್ಟ.

ಮಿಕ್ಕೊ ಅಂದರೆ ಲೆಂಬಾರ್ ನೋಡಿಕೊಳ್ಳುವವರಲ್ಲಿ ಒಬ್ಬ. ಎಲ್ಲೋ ಮಂಜು ಬೀಳುವ ದೇಶದವನು. ವಾರವೆಲ್ಲ ಹಾಲಿನ ಕಾರ್ಖಾನೆಯಲ್ಲಿ ಕೆಲಸ, ಶನಿವಾರ ಭಾನುವಾರ ಈ ಸಾಫ್ಟ್‌ವೇರ್ ರಿಪೇರಿ. ಯಾರೂ ಅವನಿಗೆ ಏನೂ ಕೊಡುವುದಿಲ್ಲ. ಬು ನಾನಿಕ್ ಇದನ್ನು ಓದಿ ಹೇಳಿದಾಗ ಸಮಿ, “ಹಾಗಾದ್ರೆ ಇದು ನಮ್ಮ ರೆವಾಂಗ್ ಥರಾನೇ” ಅಂದಳು. ನಿಜವೇ. ಮದುವೆ ಮನೆಯ ಅಡುಗೆಗೆ ಕೇರಿಯ ಹೆಂಗಸರೆಲ್ಲ ಚಾಕು ಹಿಡಿದು ಬರುವ ಹಾಗೆ ಇವರು ಕಂಪ್ಯೂಟರ್ ಹಿಡಿದು ಬರುತ್ತಾರೆ. ಯಾರಾದರೊಬ್ಬರು ಈರುಳ್ಳಿ ಹೆಚ್ಚುವಾಗ ಉಳಿದವರು ಹೇಗೆ ಹೆಚ್ಚಬೇಕೆಂದು ಜಗಳವಾಡುವುದೂ ಹಾಗೇ ಇದೆ. ಆ ಪಟ್ಟಿ ಓದಿದರೆ ಗೊತ್ತಾಗುತ್ತದೆ.

ಮಿಕ್ಕೊ ಒಳ್ಳೆಯವನು. ಮೊದಲು ಸಂತಾಪ ಹೇಳಿದ. ಆಮೇಲೆ ವಿಷಯಕ್ಕೆ ಬಂದ. ಲೆಂಬಾರ್ ಫೈಲಿನೊಳಗೆ ಫೋಟೊ ಇರುವುದಿಲ್ಲವಂತೆ, ಫೋಟೊ ಎಲ್ಲಿದೆ ಎಂಬ ಗುರುತು ಮಾತ್ರ ಇರುತ್ತದಂತೆ. ಆ ಜಾಗದಲ್ಲಿ ಅದೇ ಹೆಸರಿನಲ್ಲಿ ಬೇರೆ ಯಾರು ಬಂದು ಕೂತರೂ ಅವರನ್ನೇ ತೋರಿಸುತ್ತದಂತೆ.

“ಇದು ದೋಷ ಅಲ್ಲ, ಹೀಗೇ ಇರಬೇಕು ಅಂತ ಮಾಡಿದ್ದು ಅಂತಿದಾನೆ” ಎಂದರು ಬು ನಾನಿಕ್.

“ಹೀಗೇ ಇರಬೇಕು ಅಂತ ಯಾವ ಪುಣ್ಯಾತ್ಮ ಹೇಳ್ದ?”

“ಬಳಸೋರೇ ಕೇಳಿದ್ರಂತೆ. ಮೊದಲು ಫೈಲೊಳಗೇ ಫೋಟೊದ ಒಂದು ಪ್ರತಿ ಇರ್ತಿತ್ತಂತೆ. ಫೈಲು ದಪ್ಪ ಆಗುತ್ತೆ, ಹಳೇ ಕಂಪ್ಯೂಟರ್ ಎಳೆಯಲ್ಲ, ತೆಗೀರಿ ಅಂತ ಮೂವತ್ತೊಂದು ಜನ ಕೋರಿಕೆ ಕೊಟ್ಟಿದ್ರಂತೆ. ಮೂರು ವರ್ಷದ ಹಿಂದೆ ತೆಗೆದ್ರಂತೆ.”

“ಯಾರವರು ಮೂವತ್ತೊಂದು ಜನ? ಹೆಸರಿದ್ಯಾ?”

ಬು ನಾನಿಕ್ ಬೆರಳಿಟ್ಟು ಓದುತ್ತಾ ಹೋದರು. ಒಂಬತ್ತನೆಯ ಹೆಸರಿಗೆ ಬಂದು ನಿಂತರು. ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. ‘ಮುಜಿಯೊ, ಕ್ಲಾತೆನ್.’

ನೆನಪಿದೆಯಾ ಕಾಂಗ್? ನಾನು ಊರಿಗೆಲ್ಲ ಕರಿದ ಸೋಯಾ ತೆಂಪೆ ತಿನ್ನಿಸಿದ್ದು? “ನನ್ನ ಕೋರಿಕೆ ಒಪ್ಪಿದಾರೆ, ಹೆಸರು ಹಾಕಿ ಥ್ಯಾಂಕ್ಸ್ ಹೇಳಿದಾರೆ, ಮೂರನೇ ಕ್ಲಾಸ್ ಓದಿದೋನ ಮಾತು ಪ್ರಪಂಚವೇ ಕೇಳ್ತು” ಎಂದು ಎದೆ ಉಬ್ಬಿಸಿಕೊಂಡು ತಿರುಗಿದ್ದು? ಗಿಯಾರ್ತಿಯೇ ಅಂದು ಒಲೆಯ ಮುಂದೆ ನಿಂತು ಆ ತೆಂಪೆ ಕರಿದುಕೊಟ್ಟಿದ್ದಳು. ಆ ಕೋರಿಕೆಯೇ ಇದು. ನಗಬೇಕೋ ಏನೋ, ನೀನೇ ಹೇಳು. ಸಮಿ ನಗಲಿಲ್ಲ.

ಅಷ್ಟಕ್ಕೆ ಬಿಡಲಿಲ್ಲ. ಮಿಕ್ಕೊ ಇನ್ನೊಂದು ಕೇಳಿದ್ದ: ಒಂದು ಫೋಟೊದ ಮೇಲೆ ಅದೇ ಹೆಸರಿನ ಇನ್ನೊಂದನ್ನು ಇಡುವ ಮುಂಚೆ ಲೆಂಬಾರ್ ನಿಮ್ಮನ್ನು ಕೇಳಬೇಕಲ್ಲ, ಕೇಳಲಿಲ್ಲವೇ? ‘ಕೇಳಲಿಲ್ಲ’ ಎಂದು ಬರೆಸಿದೆ. ಹಾಗಿದ್ದರೆ ಅದು ನಿಜಕ್ಕೂ ದೋಷ, ಹುಡುಕುತ್ತೇವೆ ಎಂದಿದ್ದಾನೆ. ಅದರ ಜೊತೆಗೆ ಹೊಸ ಕೋರಿಕೆಯನ್ನೂ ಕೊಟ್ಟಿದ್ದೇನೆ: ಫೋಟೊವನ್ನು ಮೊದಲಿನ ಹಾಗೆ ಫೈಲಿನೊಳಗೇ ಇಡಿ. ‘ಇದೇ ಕೋರಿಕೆ ಮೊದಲೇ ಬಂದಿದೆ’ ಎಂದು ಒಬ್ಬ ಹೇಳಿದ. ‘ಈಗ ತಾನೇ ತೆಗೆಸಿ ಈಗ ಹಾಕಿ ಅಂದರೆ?’ ಎಂದು ಇನ್ನೊಬ್ಬ ಬೈದ. ಬೈಯಲಿ. ಮಿಕ್ಕೊ ಮಾತ್ರ ‘ನೋಡೋಣ’ ಅಂದಿದ್ದಾನೆ.

ಕಂಪ್ಯೂಟರಿನ ಡಿಸ್ಕನ್ನು ಜೋಗ್ಜಾ ನಗರಕ್ಕೆ ಒಯ್ದು ಅಳಿಸಿಹೋದದ್ದನ್ನು ಎತ್ತಿಕೊಡುವವನಿಗೂ ತೋರಿಸಿದೆ. ಎರಡು ದಿನ ಇಟ್ಟುಕೊಂಡ. ಸುನ್ನತಿಯ ಕಾರ್ಡು ಬಂತು, ಮಸೀದಿಯ ರಸೀದಿ ಬುಕ್ಕು ಬಂತು, ಯಾರದೋ ಆಡಿನ ಫೋಟೊ ಅರ್ಧ ಬಂತು. “ಬಾಕಿ ಎಲ್ಲದರ ಮೇಲೂ ಬೇರೆ ಏನೇನೋ ಕೂತ್ಬಿಟ್ಟಿದೆ ಪಾಕ್” ಅಂದ. ಆಡು ಚೆನ್ನಾಗಿತ್ತು.

ಧೈರ್ಯ ಬಿಡಬೇಡ. ಇನ್ನೂ ಮೂರು ತಿಂಗಳಿದೆ.

ನಿನ್ನ,
ಮುಜಿಯೊ


ಕ್ಲಾತೆನ್
14 ಸೆಪ್ಟೆಂಬರ್ 2015

ಕಾಂಗ್,

ನೀನು ಕಾಗದ ಬರೆದು ಒಂದು ತಿಂಗಳ ಮೇಲಾಯಿತು, ನಾನು ಉತ್ತರಿಸಲಿಲ್ಲ. ಬರೆಯಲು ಕೂತಾಗಲೆಲ್ಲ, ಇನ್ನೊಂದು ಮನೆ ನೋಡಿಬಿಟ್ಟು ಆಮೇಲೆ ಬರೆಯೋಣ ಎನಿಸುತ್ತಿತ್ತು. ಯಾವ ಮನೆ, ಏಕೆ ಎಂದು ಹೇಳುತ್ತೇನೆ.

ಮಿಕ್ಕೊನ ಕಡೆಯಿಂದ ಇನ್ನೂ ಏನೂ ಇಲ್ಲ. ನಾಲ್ಕು ದೇಶದ ನಾಲ್ಕು ಜನ ಆ ದೋಷ ಹುಡುಕುತ್ತಿದ್ದಾರೆ. ‘ನಮ್ಮಲ್ಲಿ ಹಾಗಾಗುತ್ತಿಲ್ಲ, ಪ್ರತಿ ಸಲವೂ ಕೇಳುತ್ತಿದೆ’ ಎನ್ನುತ್ತಾರೆ. ಅವರಲ್ಲೊಬ್ಬ ಹೆಂಗಸು ಒಂದೇ ಹೆಸರಿನ ಫೋಟೊವನ್ನು ಇನ್ನೂರು ಸಲ ಇಟ್ಟು ನೋಡಿದಳಂತೆ. ಇನ್ನೂರು ಸಲವೂ ಯಂತ್ರ ಕೇಳಿತಂತೆ. ಯಾವ ತಾಯಿ ಹೆತ್ತ ಮಗಳೋ, ನಮ್ಮ ಗಿಯಾರ್ತಿಗಾಗಿ ಒಂದು ಇಡೀ ಭಾನುವಾರ ಕಳೆದಳು. ಅವಳಿಗೆ ಏನು ಹೇಳಬೇಕೆಂದು ತಿಳಿಯದೆ ‘ಥ್ಯಾಂಕ್ಸ್’ ಎಂದಷ್ಟೇ ಬರೆಸಿದೆ.

ಅಷ್ಟರಲ್ಲಿ ಬೇರೆ ಕಡೆ ಹುಡುಕೋಣ ಎಂದುಕೊಂಡೆ. ಭೂಕಂಪದಲ್ಲಿ ನಿನ್ನ ಮನೆ ಬಿದ್ದಾಗ ಮದುವೆಯ ಪುಸ್ತಕವೂ ಫೋಟೊಗಳೂ ಮಣ್ಣಿನಡಿ ಹೋದವೆಂದು ನನಗೆ ಗೊತ್ತು, ಇಟ್ಟಿಗೆ ಎತ್ತಿದವರಲ್ಲಿ ನಾನೂ ಒಬ್ಬ. ಹೊಸ ಗುರುತಿನ ಚೀಟಿಗೆ ಫೋಟೊ ತೆಗೆಯುವ ಗಾಡಿ ನಮ್ಮ ಹಳ್ಳಿಗೆ ಬಂದ ದಿನ ಅವಳು ಆಸ್ಪತ್ರೆಯಲ್ಲಿದ್ದಳು. ಆದರೂ ಕಚೇರಿಗೆ ಹೋದೆ. ಅಲ್ಲಿನ ಹೆಣ್ಣುಮಗಳು ಪಾಪ ಬಹಳ ಹೊತ್ತು ಹುಡುಕಿದಳು. “ಹೆಸರಿದೆ ಪಾಕ್. ಫೋಟೊ ಜಾಗ ಖಾಲಿ ಇದೆ” ಅಂದಳು. “ಖಾಲಿ ಇದ್ದರೆ ಒಳ್ಳೇದೇ ಮಗಳೇ, ನನ್ನ ಹತ್ರ ಬೇರೆಯವರೇ ಕೂತಿದಾರೆ” ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ಆಗ ಸಮಿ ಹೇಳಿದಳು: “ಗಿಯಾರ್ತಿ ಹೋಗದ ಮದುವೆ ಯಾವುದಿತ್ತು ಈ ಊರಲ್ಲಿ? ಎಲ್ಲರ ಮನೆ ಆಲ್ಬಮ್ ನೋಡೋಣ.” ಸರಿ ಎನಿಸಿತು. ಇಪ್ಪತ್ತು ವರ್ಷ ಎಲ್ಲ ಮದುವೆಯ ಅಡುಗೆಗೂ ಅವಳೇ ಯಜಮಾನಿ. ಹದಿನಾಲ್ಕು ಮನೆಗೆ ಹೋದೆವು ಕಾಂಗ್. ಹದಿನಾಲ್ಕು ಮನೆಯಲ್ಲೂ ಚಹಾ ಕುಡಿಸಿದರು, ಹದಿನಾಲ್ಕು ಮನೆಯಲ್ಲೂ ಅವಳ ಕೈರುಚಿ ನೆನೆದು ಹೆಂಗಸರು ಕಣ್ಣು ಒರೆಸಿಕೊಂಡರು. ಆಲ್ಬಮ್ ತೆಗೆದರೆ ವರ ಇದ್ದಾನೆ, ವಧು ಇದ್ದಾಳೆ, ಡುಕುಹ್ ಇದ್ದಾನೆ, ನಾನು ಎಲ್ಲ ಫೋಟೊದಲ್ಲೂ ಹಲ್ಲು ಕಿಸಿದುಕೊಂಡು ನಿಂತಿದ್ದೇನೆ, ನೀನು ನನ್ನ ಹಿಂದೆ ಅರ್ಧ ಇದ್ದೀಯ. ಎಲ್ಲರ ಕೈಯಲ್ಲೂ ಅವಳು ಬೇಯಿಸಿದ ಅನ್ನದ ತಟ್ಟೆ. ಅವಳಿಲ್ಲ.

ಏಕೆಂದು ನಿನಗೆ ಗೊತ್ತಲ್ಲ. ಫೋಟೊದವನು ವೇದಿಕೆಯ ಹತ್ತಿರ ಕರೆಯುವ ಹೊತ್ತಿಗೆ ಅವಳು ಹಿತ್ತಲಿನಲ್ಲಿ ಎರಡನೆಯ ಸರದಿಯ ಅನ್ನ ಇಳಿಸುತ್ತಿರುತ್ತಾಳೆ.

ಕೇರಿಯ ಅಕ್ಕ ಯು ದಾರ್ಮಿಯ ಮನೆಯ ಆಲ್ಬಮಿನಲ್ಲಿ ಮಾತ್ರ ಒಂದು ಸಿಕ್ಕಿತು. ವಧುವಿನ ತಂದೆಯ ಹಿಂದೆ ಪರದೆ ಸ್ವಲ್ಪ ಸರಿದಿದೆ. ಸಂದಿಯಲ್ಲಿ ಒಬ್ಬಳು ಹೆಂಗಸು ದೊಡ್ಡ ಹಬೆಪಾತ್ರೆಯ ಮೇಲೆ ಬಗ್ಗಿದ್ದಾಳೆ. ಬೆನ್ನು, ಸಿಕ್ಕಿಸಿದ ಸೆರಗು, ಸೌಟು ಹಿಡಿದ ಕೈ. ಯು ದಾರ್ಮಿ ಕೂಗಿದಳು: “ಇವಳೇ! ಆ ಕಂದು ಬಾಟಿಕ್ ನಾನೇ ಅವಳಿಗೆ ಕೊಟ್ಟಿದ್ದು!”

“ಅದು ಯು ಸೀನೆಮ್ ಬೆನ್ನು ಕಣೆ” ಅಂದಳು ಅವಳ ತಂಗಿ.

“ಸೀನೆಮ್ ಬೆನ್ನು ಅಷ್ಟು ಬಗ್ಗುತ್ತೇನೇ? ಅವಳು ಕೆಲಸ ಮಾಡಿದ್ದು ಯಾವತ್ತು ನೋಡಿದೀಯ?”

ಅವಳೇ ಕಾಂಗ್. ನನಗೂ ಗುರುತು ಸಿಕ್ಕಿತು. ಹಬೆಯಲ್ಲಿ ಕೂದಲು ಕೊರಳಿಗೆ ಅಂಟಿಕೊಂಡಿದೆ. ಇನ್ನೊಂದು ಕ್ಷಣ ಬಿಟ್ಟಿದ್ದರೆ ತಿರುಗುತ್ತಿದ್ದಳೇನೋ. ಇದನ್ನೇ ದೊಡ್ಡದು ಮಾಡಿ ಹಾಕಬಹುದೇ? ಈ ಕಾಗದದೊಂದಿಗೆ ಒಂದು ಪ್ರತಿ ಇಟ್ಟಿದ್ದೇನೆ. ನೋಡಿ ಬರೆ.

ಚಿತ್ರ ಬರೆಯುವ ಒಬ್ಬನನ್ನೂ ಕರೆಸಿದ್ದೆ. ‘ಹುಬ್ಬು ಹೇಗಿತ್ತು?’ ಎಂದು ಕೇಳಿದ. ಐದು ಜನ ಐದು ಥರ ಹೇಳಿದೆವು. ಅವನು ಬರೆದದ್ದು ನೋಡಿ ಸಮಿ, “ಇದ್ಯಾರು? ಚೆನ್ನಾಗಿದಾರೆ. ನಮ್ಮೂರವರಾ?” ಅಂದಳು. ಅವನಿಗೆ ಊಟ ಹಾಕಿ ಕಳಿಸಿದೆವು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ಮುಜಿಯೊ


ಕ್ಲಾತೆನ್
25 ಅಕ್ಟೋಬರ್ 2015

ನನ್ನ ಕಾಂಗ್ ಪಾರ್ದಿ,

ನಿನ್ನ ಕಾಗದಕ್ಕೆ ಇನ್ನೂ ಹೊಗೆಯ ವಾಸನೆ ಇತ್ತು. ಆ ಕಡೆ ಕಾಡು ಉರಿದು ಹಗಲೇ ಕತ್ತಲಾಗಿದೆ, ಎದುರಿನ ಮರ ಕಾಣುವುದಿಲ್ಲ ಎಂದು ಬರೆದಿದ್ದೀಯ. ಒದ್ದೆ ಬಟ್ಟೆ ಕಟ್ಟಿಕೋ ಮೂಗಿಗೆ. ಗುಟುಕು ಗುಟುಕಾಗಿ ನೀರು ಕುಡಿ. ತಡವಾಯಿತೆಂದು ಈ ಸಲ ಕ್ಷಮೆ ಕೇಳುವುದಿಲ್ಲ, ನಿನ್ನ ಕಾಗದವೇ ಮೊನ್ನೆ ಬಂತು.

ಬೆನ್ನಿನ ಫೋಟೊ ಬೇಡ ಅಂದಿದ್ದೀಯ. “ಬೆನ್ನು ನನಗೆ ನೆನಪಿದೆ ಮುಜಿಯೊ. ದನಿ ನೆನಪಿದೆ. ಮುಖ ನೆನಪು ಮಾಡಿಕೊಂಡರೆ ಆ ಫೋಟೊವೇ ಬರುತ್ತಿತ್ತು, ಅದು ಸುಟ್ಟ ಮೇಲೆ ನೆನಪೂ ಸುಟ್ಟ ಹಾಗಿದೆ. ಹೊಸ ವರ್ಷನ್ ಬಂದಿತೇ? ಮಿಕ್ಕೊಗೆ ನನ್ನ ಸಲಾಂ ಹೇಳು. ಅದು ಬಂದು ಅವಳು ಕಂಡ ದಿನವೇ ನಾನು ಹಡಗು ಹತ್ತುತ್ತೇನೆ. ಅವಳ ಮುಖ ಇಲ್ಲದ ಮನೆಗೆ ಬಂದು ನಾನು ಯಾರ ಎದುರು ಕೂತು ಯಾಸಿನ್ ಓದಲಿ?” ಎಂದು ಬರೆದಿದ್ದೀಯ. ಇದನ್ನು ಸಮಿಗೆ ಓದಿ ಹೇಳಲು ನನ್ನಿಂದ ಆಗಲಿಲ್ಲ. ನೀನು ಕ್ಷೇಮ ಎಂದಷ್ಟೇ ಹೇಳಿದೆ.

ಬಂತು ಕಾಂಗ್. ಹೊಸ ವರ್ಷನ್ ಬಂತು. ಹೋದ ಭಾನುವಾರ.

ಬು ನಾನಿಕ್ ಬೆಳಿಗ್ಗೆಯೇ ಸೈಕಲ್ ತುಳಿದುಕೊಂಡು ಬಂದು ಅಂಗಳದಿಂದಲೇ ಕೂಗಿದರು: “ಪಾಕ್ ಮುಜಿಯೊ! ಕೊಟ್ಬಿಟ್ರು! ಎರಡೂ ಕೊಟ್ಬಿಟ್ರು!” ಎರಡು ಎಂದರೆ, ಒಂದು, ಇನ್ನು ಮುಂದೆ ಫೋಟೊದ ಪ್ರತಿ ಫೈಲಿನೊಳಗೇ ಇರುತ್ತದೆ, ಬೇಡದವರು ತೆಗೆಯಬಹುದು. ಇನ್ನೊಂದು, ಹಳೆಯ ಫೋಟೊದ ಮೇಲೆ ಹೊಸದನ್ನು ಇಡುವ ಮುಂಚೆ ಯಂತ್ರ ಒಮ್ಮೆ ಅಲ್ಲ, ಎರಡು ಸಲ ಕೇಳುತ್ತದೆ, ಹಳೆಯ ಮುಖವನ್ನೂ ಹೊಸ ಮುಖವನ್ನೂ ಅಕ್ಕಪಕ್ಕ ತೋರಿಸಿ ಕೇಳುತ್ತದೆ. ಆ ದೋಷ ಕೊನೆಗೂ ಅವರಿಗೆ ಸಿಗಲಿಲ್ಲವಂತೆ. ಆದರೂ ಕ್ಲಾತೆನ್‌ನಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂದು ಮಿಕ್ಕೊ ತನ್ನ ರಜೆ ಹಾಕಿ ಮಾಡಿದನಂತೆ. ನನ್ನ ಹೆಸರು ಮತ್ತೆ ಹಾಕಿದ್ದಾರೆ. ಈ ಸಲ ಕೆಳಗೆ ಇನ್ನೊಂದು ಸಾಲು: ‘ಸುಗಿಯಾರ್ತಿಯವರ ನೆನಪಿಗೆ’.

ಕೇರಿಯವರೆಲ್ಲ ಬಂದು ನೋಡಿದರು. ಡುಕುಹ್ ನನ್ನ ಕೈ ಕುಲುಕಿದ. “ನೋಡಯ್ಯಾ, ನಮ್ಮ ಗಿಯಾರ್ತಿ ಹೆಸರು ಪ್ರಪಂಚದ ಕಂಪ್ಯೂಟರಿಗೆಲ್ಲ ಹೋಯ್ತು. ತೆಂಪೆ ಎಲ್ಲಿ?” ಅಂದ. ಸಮಿ ಬಾಣಲೆ ಇಟ್ಟಳು. ಎಲ್ಲರೂ ನನ್ನ ಹಿಂದೆ ನಿಂತರು, ಫೈಲು ತೆರೆ, ಮುಖ ನೋಡೋಣ ಎಂದು.

ತೆರೆದೆ.

ಬು ಹಾಜಿ.

ಹೊಸ ವರ್ಷನ್‌ನಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತಾರೆ. ಕನ್ನಡಕದ ಅಂಚಿನ ಗೆರೆ ಕೂಡ. ಯಾರೂ ನಗಲಿಲ್ಲ. ಯು ದಾರ್ಮಿ ಮೆಲ್ಲಗೆ, “ನಿಧಾನಕ್ಕೆ ಬರುತ್ತೇನೋ, ಸ್ವಲ್ಪ ತಡೀರಿ” ಅಂದಳು. ಸ್ವಲ್ಪ ತಡೆದರು. ಆಮೇಲೆ ಒಬ್ಬೊಬ್ಬರಾಗಿ ಹೋದರು. ಬಾಣಲೆಯ ತೆಂಪೆ ಸೀದು ಹೋಗಿತ್ತು.

ಬು ನಾನಿಕ್ ನನ್ನ ಪಕ್ಕ ಕೂತು ವಿವರಿಸಿದರು. ಹೊಸ ತಿದ್ದುಪಡಿ ಇನ್ನು ಮುಂದೆ ಮಾಡುವ ಫೈಲುಗಳಿಗೆ ಮಾತ್ರ. ಒಳಗೆ ಎಂದೂ ಇಡದೇ ಇದ್ದದ್ದನ್ನು ಯಾವ ವರ್ಷನ್ನೂ ಹೊರಗೆ ತೆಗೆಯಲಾರದು. ನನಗೆ ಇದು ಗೊತ್ತಿತ್ತು ಕಾಂಗ್. ಜುಲೈನಲ್ಲೇ ಗೊತ್ತಿತ್ತು.

ಮುಖ ಬರುವುದಿಲ್ಲ. ನೀನು ಬಾ. ಹೊಗೆಯಿಂದ ಹಡಗು ತಡವಾದರೆ ಅಷ್ಟು ದಿನ ಮೊದಲೇ ಹೊರಡು. ಸಾವಿರದ ದಿನದ ಅಡುಗೆಗೆ ಕೇರಿಯ ಹೆಂಗಸರೆಲ್ಲ ಒಪ್ಪಿದ್ದಾರೆ, ಯಜಮಾನಿ ಯಾರಾಗಬೇಕೆಂದು ಈಗಲೇ ಜಗಳ ಶುರುವಾಗಿದೆ. ಪುಸ್ತಿಕೆಯ ಚೌಕಟ್ಟನ್ನು ಏನು ಮಾಡಬೇಕೆಂದು ನೀನು ಬಂದ ಮೇಲೆ ನೋಡೋಣ. ನೀನು ಬರುವವರೆಗೆ ನಾನು ಪ್ರಿಂಟ್ ಹಾಕುವುದಿಲ್ಲ.

ದೇವರು ನಿನ್ನ ಉಸಿರನ್ನು ಕಾಯಲಿ, ದಾರಿಯನ್ನು ಸುಗಮ ಮಾಡಲಿ, ಗಿಯಾರ್ತಿಗೆ ಬೆಳಕಿನ ಜಾಗ ಕೊಡಲಿ.

ನಿನ್ನ ತಮ್ಮ,
ಮುಜಿಯೊ

ಇನ್ನೊಂದು ಮಾತು. ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ.

ಯಂತ್ರ ಕೇಳಿತ್ತು ಕಾಂಗ್.

ಹೋದ ವರ್ಷ, ಬು ಹಾಜಿಯ ಮಗ ಎದುರಿಗೆ ನಿಂತಿದ್ದ. ‘ಈ ಹೆಸರಿನ ಫೋಟೊ ಇದೆ. ಅದರ ಮೇಲೆ ಇದನ್ನು ಇಡಲೇ?’ ಎಂದು ಲೆಂಬಾರ್ ಕೇಳಿತು, ಯಾವಾಗಲೂ ಕೇಳುವ ಹಾಗೆ. ಹಳೆಯದನ್ನು ಎತ್ತಿಟ್ಟಿದ್ದೆ ಎಂದು ನಿನಗೆ ಬರೆದದ್ದು ಸುಳ್ಳು. ಅಲ್ಲಿರುವುದು ಗಿಯಾರ್ತಿ ಎಂದು ಗೊತ್ತಿತ್ತು. ಅವಸರವೂ ಇರಲಿಲ್ಲ. ನೀನು ಹೋಗಿ ಒಂದೂವರೆ ವರ್ಷವಾಗಿತ್ತು, ಒಂದು ಸಾಲು ಬಂದಿರಲಿಲ್ಲ. ಇವನು ಇನ್ನು ಬರುವುದಿಲ್ಲ, ಅಲ್ಲೇ ಯಾರನ್ನೋ ಕಟ್ಟಿಕೊಂಡಿರುತ್ತಾನೆ, ಇದನ್ನು ಯಾರು ಬಂದು ಕೇಳುತ್ತಾರೆ ಎಂದುಕೊಂಡೆ. ಸಿಟ್ಟೂ ಬಂದಿತ್ತು. ಹೂಂ ಎಂದು ಒತ್ತಿದೆ. ಅಷ್ಟೆ. ಒಂದು ಬೆರಳು.

ದೋಷ ಇರಲಿಲ್ಲ. ಆ ಹೆಂಗಸು ಇನ್ನೂರು ಸಲ ಹುಡುಕಿದ್ದು, ಮಿಕ್ಕೊ ರಜೆ ಹಾಕಿದ್ದು, ನೀನು ಆ ಹೊಗೆಯಲ್ಲಿ ಕಾದು ಕೂತಿದ್ದು, ಎಲ್ಲ ಇಲ್ಲದ ದೋಷಕ್ಕೆ. ಎಲ್ಲದಕ್ಕೂ ನಗೆಮಾತು ಹೇಳುವ ಬಾಯಿ ಇದೊಂದನ್ನು ಹೇಳಲಿಲ್ಲ. ನೀನು ಇದನ್ನು ಓದಿದ ಮೇಲೂ ಬರುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಬಂದಾಗ ನನ್ನ ಮನೆ ಬೇಡ ಅನಿಸಿದರೆ ಯು ದಾರ್ಮಿಯ ಮನೆಯಲ್ಲಿ ಇಳಿದುಕೋ, ಅವಳಿಗೆ ಹೇಳಿಟ್ಟಿರುತ್ತೇನೆ. ಆದರೆ ಬಾ. ಇನ್ನು ಏನು ಬರೆದರೆ

ಸಮಿ ಕರೆಯುತ್ತಿದ್ದಾಳೆ, ಇದು ಅವಳಿಗೂ ಗೊತ್ತಿಲ್ಲ. “ಏನ್ರೀ ಪಾಕ್ನೆ, ಇನ್ನೂ ಅದೇ ಕಾಗದಾನಾ? ಫೋಟೊ ಹೇಗಾದ್ರೂ ಮಾಡಿ ಸರಿಮಾಡ್ತೀನಿ ಅಂತ ಬರೀರಿ, ಪಾಪ, ಧೈರ್ಯವಾಗಿರ್ಲಿ. ಬನ್ನಿ, ಅನ್ನ ಬಡಿಸಿ ಆಯ್ತು.”